ಈಮ್ ಹಳ್ಳಿಯ ಗಡಿಗಲ್ಲು



ನಮ್ಮ ಮಾಸಪತ್ರಿಕೆಯಲ್ಲಿ ಪ್ರವಾಸದ ಲೇಖನವೆಂದರೆ ಶಿಖರಜಿಯೋ, ಶ್ರವಣಬೆಳಗೊಳವೋ, ಕುಂಥಲಗಿರಿಯೋ ಇರಬೇಕೆಂದು ವಾಚಕರು ತಿಳಿಯುವುದು ಸಹಜ. ಈ ಸಲ ನಾವು ಬರೆಯುತ್ತಿರುವುದು ತೀರ್ಥಕ್ಷೇತ್ರದ ವಿಷಯವಲ್ಲ. ಇಂಗ್ಲೆಂಡಿನ ಗುಡ್ಡಗಾಡಿನಲ್ಲಿರುವ ಒಂದು ಸಣ್ಣ ಹಳ್ಳಿಯ ವಿಷಯ. ಇಂದಿಗೂ ಅಲ್ಲಿಯ ಜನಸಂಖ್ಯೆ ಸಾವಿರದೊಳಗೆ. ನಾವು ಮ್ಯಾಟ್ರಿಕ್ ತನಕ ಓದಿ, ನಲವತ್ತು ವರ್ಷ ಜತ್ತ ತಾಲೂಕಿನ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವರು. ಇತಿಹಾಸ ಬರೆಯುವ ಅಧಿಕಾರ ನಮಗಿಲ್ಲ. ಆದರೂ ಬರೆಯದೆ ಇರಲಾಗಲಿಲ್ಲ. ಏಕೆಂದರೆ ಆ ಹಳ್ಳಿಗೆ ಸಾವು ಬಂದದ್ದು ಒಂದು ಬಟ್ಟೆಯ ಗಂಟಿನೊಳಗಿಂದ, ಮತ್ತು ಬದುಕಿದವರು ಬದುಕಿದ್ದು ಒಂದು ಗಡಿಗಲ್ಲಿನ ಮೇಲೆ ನಡೆದ ವ್ಯಾಪಾರದಿಂದ. ಬಟ್ಟೆ ಮಾರುವವರಿಗೂ ಗಡಿಯಲ್ಲಿ ಬಾಳುವವರಿಗೂ ಈ ಎರಡೂ ಸಂಗತಿ ತಟ್ಟದೆ ಇರಲಾರವು.

ನಮ್ಮ ಮಗಳು ಮತ್ತು ಅಳಿಯಂದಿರು ಕೆಲಸದ ನಿಮಿತ್ತ ಶೆಫೀಲ್ಡ್ ನಗರದಲ್ಲಿದ್ದಾರೆ. ಕಳೆದ ವರ್ಷ ಜುಲೈ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿದ್ದೆವು. ಮನೆಯವರಿಗೆ ಹೊರಡುವ ಮುಂಚೆ ಒಂದೇ ಚಿಂತೆ, ಹೊತ್ತು ಮುಳುಗುವ ಮೊದಲು ಊಟ ಆಗುತ್ತದೋ ಇಲ್ಲವೋ ಎಂದು. ಅಲ್ಲಿ ನೋಡಿದರೆ ಜುಲೈ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು! "ಇಲ್ಲಿ ಊಟಕ್ಕೇನು ಅವಸರ ಇಲ್ಲ ಬಿಡ್ರಿ" ಎಂದು ನಕ್ಕರು.

ಒಂದು ದಿನ ಅಳಿಯಂದಿರು, "ಮಾವಾರ, ನಾಳೆ ನಿಮಗೊಂದು ಹಳ್ಳಿ ತೋರಿಸ್ತೀನ್ರಿ. ಅರಮನೆ ಅಲ್ಲ, ಕೋಟೆ ಅಲ್ಲ. ಆದ್ರ ನಿಮಗ ಭಾಳ ಹಿಡಸ್ತದ" ಎಂದರು. ಹಳ್ಳಿಯ ಹೆಸರು ಬರೆಯುವುದು ಒಂದು ರೀತಿ, ಕರೆಯುವುದು ಇನ್ನೊಂದು ರೀತಿ. ಅಕ್ಷರ ನೋಡಿದರೆ 'ಎಯಾಮ್' ಎಂದು ಓದಬೇಕೆನ್ನಿಸುತ್ತದೆ. ಊರಿನವರು ಅದನ್ನು 'ಈಮ್' ಎನ್ನುತ್ತಾರೆ.

ಗುಡ್ಡದ ಮಗ್ಗುಲಿನ ಊರು

ಶೆಫೀಲ್ಡಿನಿಂದ ನೈಋತ್ಯಕ್ಕೆ ಕಾರಿನಲ್ಲಿ ಮುಕ್ಕಾಲು ತಾಸಿನೊಳಗಿನ ದಾರಿ. ನಗರ ದಾಟಿದೊಡನೆ ಮರಗಳಿಲ್ಲದ ಬೋಳು ಗುಡ್ಡ, ಅದರ ಮೇಲೆ ಕುರಿಗಳು, ಹೊಲಗಳ ನಡುವೆ ಗಾರೆಯಿಲ್ಲದೆ ಬರೀ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ನಮ್ಮ ಕಡೆಯ ಹೊಲದ ಒಡ್ಡುಗಳ ನೆನಪಾಯಿತು. ಇದು ಡರ್ಬಿಶೈರ್ ಜಿಲ್ಲೆ.

ಈಮ್ ಹಳೆಯ ಊರು. 1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ಇಡೀ ದೇಶದ ಹೊಲಮನೆಗಳ ಲೆಕ್ಕ ಬರೆಸಿದಾಗ ಆ ದಫ್ತರದಲ್ಲಿ ಈ ಊರಿನ ಹೆಸರು ಬಂದಿದೆ. ಚರ್ಚಿನ ಅಂಗಳದಲ್ಲಿ ಕೆತ್ತನೆಯ ಒಂದು ಕಲ್ಲಿನ ಶಿಲುಬೆ ನಿಂತಿದೆ. ಅದು ಇನ್ನೂ ಹಳೆಯದು, 8ನೇ ಶತಮಾನದ್ದೆನ್ನುತ್ತಾರೆ. ಊರಿನ ಜನ ತಲೆತಲಾಂತರದಿಂದ ಮಾಡಿದ್ದು ಒಕ್ಕಲುತನ, ಕುರಿ ಸಾಕಣೆ ಮತ್ತು ಸೀಸದ ಗಣಿ ಕೆಲಸ.

ಅಲ್ಲಿ 'ಪ್ಯಾರಿಷ್' ಎಂಬ ಒಂದು ಪದ್ಧತಿ ಇದೆ. ಒಂದು ಚರ್ಚಿಗೆ ಒಳಪಟ್ಟ ಊರು, ಅದರ ಸುತ್ತಣ ವಸತಿ, ಹೊಲ ಎಲ್ಲ ಸೇರಿ ಒಂದು ಪ್ಯಾರಿಷ್. ಅದಕ್ಕೊಬ್ಬ ಪಾದ್ರಿ. 1538ರಿಂದ ಪ್ರತಿಯೊಂದು ಪ್ಯಾರಿಷ್‌ನಲ್ಲಿಯೂ ನಾಮಕರಣ, ಮದುವೆ, ಮಣ್ಣು ಇವುಗಳನ್ನು ದಿನಾಂಕ ಸಹಿತ ವಹಿಯಲ್ಲಿ ಬರೆದಿಡಬೇಕೆಂದು ಸರಕಾರದ ಆಜ್ಞೆಯಾಯಿತು. ನಾವು ದಿನಾ ಬರೆಯುವ ರೋಜ ಕೀರ್ದಿ ಇದ್ದಂತೆ, ಇದು ಮನುಷ್ಯರ ಕೀರ್ದಿ. ಈ ಒಂದು ವಹಿ ಇದ್ದುದರಿಂದಲೇ ಈಮ್ ಊರಿನಲ್ಲಿ 1665-66ರಲ್ಲಿ ಯಾವ ಮನೆಯಲ್ಲಿ ಯಾರು ಯಾವ ದಿನ ಸತ್ತರೆಂಬುದು ಇಂದಿಗೂ ಗೊತ್ತಾಗುತ್ತದೆ.

ಬಟ್ಟೆಯ ಗಂಟು

1665ರಲ್ಲಿ ಲಂಡನ್ ನಗರದಲ್ಲಿ ಪ್ಲೇಗು ಹಬ್ಬಿತ್ತು. ಲೆಕ್ಕಕ್ಕೆ ಸಿಕ್ಕ ಸಾವುಗಳೇ 68,000ಕ್ಕೂ ಹೆಚ್ಚು. ಈಮ್ ಊರಿನಲ್ಲಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬ ಸಿಂಪಿಗನಿದ್ದ. ಅವನ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ದಾರಿಯಲ್ಲಿ ಬಟ್ಟೆ ತಂಪು ಹಿಡಿದಿತ್ತು. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಜಾರ್ಜ್ ವಿಕರ್ಸ್ ಗಂಟು ಬಿಚ್ಚಿ, ಒಲೆಯ ಮುಂದೆ ಬಟ್ಟೆಯನ್ನು ಹರವಿ ಒಣಗಿಸಿದ. ಬಟ್ಟೆಯ ಮಡಿಕೆಯಲ್ಲಿ ಚಿಗಟಗಳಿದ್ದವು. ಕೆಲವೇ ದಿನಗಳಲ್ಲಿ ವಿಕರ್ಸ್‌ಗೆ ಜ್ವರ ಬಂದು ಗಂಟು ಎದ್ದವು. ಸಪ್ಟೆಂಬರ್ 7ಕ್ಕೆ ಅವನನ್ನು ಮಣ್ಣು ಮಾಡಿದರು. ಎರಡು ವಾರದಲ್ಲಿ ಅದೇ ಮನೆಯ ಹುಡುಗ ಎಡ್ವರ್ಡ್ ಕೂಪರ್ ತೀರಿಕೊಂಡ. ಆಮೇಲೆ ನೆರೆಮನೆ, ಎದುರುಮನೆ.

ಆ ಮನೆಗಳು ಇನ್ನೂ ಇವೆ. ಚರ್ಚಿನ ಮಗ್ಗುಲಿಗೇ ಕಲ್ಲಿನ ಸಣ್ಣ ಮನೆಗಳ ಸಾಲು. ಮುಂದೆ ಹೂವಿನ ಗಿಡ, ಒಳಗೆ ಜನ ವಾಸವಾಗಿದ್ದಾರೆ. ಪ್ರತಿ ಮನೆಯ ಮುಂದೆ ಒಂದು ಫಲಕ. ಅದರಲ್ಲಿ ಆ ಮನೆಯಲ್ಲಿ ಸತ್ತವರ ಹೆಸರು, ದಿನಾಂಕ. ನಮ್ಮ ಮನೆಯವರಿಗೆ ಇಂಗ್ಲಿಷು ಓದಲು ಬಾರದು. "ಇಷ್ಟೊಂದು ಹೆಸರು ಯಾರದ್ರಿ? ಮನಿ ಮಾಲಕರವೇನು?" ಎಂದು ಕೇಳಿದರು. ಮಗಳು ಹೇಳಿದ ಮೇಲೆ ಫಲಕದ ಎದುರು ಎರಡೂ ಕೈ ಜೋಡಿಸಿ ನಿಂತರು.

ನಾವು ಮಾತ್ರ ಆ ಗಂಟಿನ ವಿಚಾರದಲ್ಲೇ ಇದ್ದೆವು. ನಲವತ್ತು ವರ್ಷದಲ್ಲಿ ನಾವು ಎಷ್ಟು ಗಂಟು ಬಿಚ್ಚಿಲ್ಲ! ಇಚಲಕರಂಜಿಯದು, ಸೊಲ್ಲಾಪುರದ್ದು, ಸೂರತ್ತಿನದು. 1994ರಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂದು ಸುದ್ದಿಯಾದಾಗ ಅಲ್ಲಿಂದ ಬಂದಿದ್ದ ಸೀರೆಯ ಎರಡು ಗಂಟುಗಳನ್ನು ನಾವು ಎಂಟು ದಿನ ಅಂಗಳದ ಬಿಸಿಲಿನಲ್ಲಿ ಹಾಕಿದ್ದೆವು. ಹಾಗೇಕೆಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ಗೊತ್ತಿರಲಿಲ್ಲ. ನಮ್ಮ ಆಯಿ ಹೇಳುತ್ತಿದ್ದ ಮಾತಿನ ನೆನಪಿನಿಂದ ಹಾಗೆ ಮಾಡಿದ್ದೆವು.

ಆಯಿ ಚಿಕ್ಕವಳಿದ್ದಾಗ ನಮ್ಮ ಕಡೆಗೂ ಪ್ಲೇಗು ಬರುತ್ತಿತ್ತು. 1896ರಲ್ಲಿ ಮುಂಬಯಿಗೆ ಬಂದ ರೋಗ ಎರಡು ವರ್ಷದೊಳಗೆ ಧಾರವಾಡ, ಹುಬ್ಬಳ್ಳಿಗಳಲ್ಲಿ ಕಾಲಿಟ್ಟು, ಮುಂದೆ ಎಷ್ಟೋ ವರ್ಷ ಮರಳಿ ಮರಳಿ ಬಂತು. "ಇಲಿ ಬಿತ್ತಂದ್ರ ಊರು ಬಿಡೋದಪ್ಪಾ. ಹೊಲದಾಗ ಗುಡಸಲಾ ಹಾಕ್ಕೊಂಡು ಇರೋದು" ಎಂದು ಆಕೆ ಹೇಳುತ್ತಿದ್ದಳು. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಮನುಷ್ಯನಿಗೆ ಅಂಟುತ್ತದೆಂದು 1898ರಲ್ಲಿ ಕಂಡು ಹಿಡಿದವರು ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯರು. ಅದೂ ನಮ್ಮ ಅಂದಿನ ಹಿಂದುಸ್ಥಾನದ ಕರಾಚಿ ನಗರದಲ್ಲಿ. ಈಮ್ ಜನರ ಕಾಲಕ್ಕೆ ಇದಾವುದೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯೆಂದು ಕೆಲವರು, ದೇವರ ಕೋಪವೆಂದು ಕೆಲವರು ತಿಳಿದಿದ್ದರು.

ಇಬ್ಬರು ಪಾದ್ರಿಗಳು

ಚಳಿಗಾಲ ಬಂದಾಗ ರೋಗ ಇಳಿಯಿತು. ಮುಗಿಯಿತೆಂದು ಜನ ಉಸಿರು ಬಿಟ್ಟರು. ಆದರೆ 1666ರ ಜೂನ್ ತಿಂಗಳಲ್ಲಿ ಮತ್ತೆ ಏರಿತು. ಅನುಕೂಲಸ್ಥರು ಕೆಲವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಉಳಿದವರೂ ಗಂಟು ಮೂಟೆ ಕಟ್ಟತೊಡಗಿದರು. ಹತ್ತಿರದಲ್ಲೇ ಶೆಫೀಲ್ಡ್, ಬೇಕ್‌ವೆಲ್ ಮೊದಲಾದ ದೊಡ್ಡ ಪೇಟೆಗಳು. ಈ ಜನ ಅಲ್ಲಿಗೆ ಹೋದರೆ ರೋಗವೂ ಹೋಗುವುದು ಖಂಡಿತ.

ಆಗ ಊರಿನ ಪಾದ್ರಿ ವಿಲಿಯಂ ಮಾಂಪೆಸನ್. ಮೂವತ್ತು ದಾಟದ ವಯಸ್ಸು. ಊರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಜನರಿಗೆ ಇವನ ಮೇಲೆ ವಿಶ್ವಾಸ ಕಡಿಮೆ. ಅವರ ಮನಸ್ಸಿದ್ದದ್ದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಕಡೆಗೆ. ಆತ 1644ರಿಂದ ಆ ಊರಿನಲ್ಲಿದ್ದವನು. 1662ರಲ್ಲಿ ರಾಜ್ಯದ ಹೊಸ ಕಾನೂನಿನಂತೆ ಪ್ರಾರ್ಥನೆಯ ಹೊಸ ಪುಸ್ತಕವನ್ನು ಒಪ್ಪದ ಪಾದ್ರಿಗಳನ್ನೆಲ್ಲ ಕೆಲಸದಿಂದ ತೆಗೆದಾಗ ಇವನ ಕೆಲಸವೂ ಹೋಗಿತ್ತು. ಪಂಥ ಬೇರೆ, ಮನಸ್ಸು ಬೇರೆ. ಒಬ್ಬ ಅಧಿಕಾರದಲ್ಲಿದ್ದವ, ಇನ್ನೊಬ್ಬ ಅಧಿಕಾರ ಕಳೆದುಕೊಂಡವ. ಇಂಥ ಇಬ್ಬರು ಕೂಡಿ ಮಾತಾಡುವುದೇ ಕಠಿಣ. ಆದರೂ ಮಾಂಪೆಸನ್ ತಾನಾಗಿ ಸ್ಟ್ಯಾನ್ಲಿಯ ಸಹಾಯ ಕೇಳಿದ, ಸ್ಟ್ಯಾನ್ಲಿ ಬಂದ. ಇಬ್ಬರೂ ಕೂಡಿ ಜನರ ಮುಂದೆ ನಿಂತು ಮೂರು ಮಾತು ಹೇಳಿದರು.

ಮೊದಲನೆಯದು, ಸತ್ತವರನ್ನು ಚರ್ಚಿನ ಅಂಗಳಕ್ಕೆ ತರಕೂಡದು, ಆಯಾ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಮಣ್ಣು ಮಾಡಬೇಕು. ಎರಡನೆಯದು, ಚರ್ಚಿಗೆ ಬೀಗ ಹಾಕಿ, ಪ್ರಾರ್ಥನೆಯನ್ನು ಬಯಲಿನಲ್ಲಿ ದೂರ ದೂರ ನಿಂತು ಮಾಡಬೇಕು. ಮೂರನೆಯದು, ಊರಿನವರು ಯಾರೂ ಗಡಿ ದಾಟಬಾರದು, ಹೊರಗಿನವರು ಯಾರೂ ಒಳಗೆ ಬರಬಾರದು.

ಜನ ಒಪ್ಪಿದರು. ಇದೇ ಈ ಊರಿನ ದೊಡ್ಡ ಸಂಗತಿ. ರಾಜನ ದಂಡು ಬಂದು ಬೇಲಿ ಹಾಕಲಿಲ್ಲ, ಪೋಲೀಸರಿರಲಿಲ್ಲ. ತಾವು ಬದುಕುವುದು ಕಡಿಮೆಯೆಂದು ತಿಳಿದೂ ಒಳಗಿನವರೇ ಬೇಲಿ ಹಾಕಿಕೊಂಡರು.

ಅವರನ್ನು ದೇವರನ್ನಾಗಿ ಮಾಡಬೇಕಿಲ್ಲ. ಮಾಂಪೆಸನ್ ತನ್ನ ಎರಡು ಮಕ್ಕಳನ್ನು ಬೇಲಿಗೆ ಮುಂಚೆಯೇ ಹೊರಗೆ ಕಳಿಸಿದ್ದ. ಬಡವರಿಗೆ ಹೋಗಲು ಬೇರೆ ಠಿಕಾಣಿಯೂ ಇರಲಿಲ್ಲ. ಈ ಕಥೆಯಲ್ಲಿ ಎಷ್ಟೋ ಭಾಗ ಮುಂದಿನ ಕಾಲದವರು ಬಾಯಿಮಾತು ಕೇಳಿ ಬರೆದದ್ದು. ಆದರೆ ವಹಿಯಲ್ಲಿಯ ಹೆಸರುಗಳು ಮಾತ್ರ ಕಥೆಯಲ್ಲ.

ಎಂಟು ದಿನ

ಊರಿನ ಹೊರಗೆ ಅರ್ಧ ಮೈಲಿಯ ಮೇಲೆ ರೈಲಿ ಎಂಬ ಜಾಗ. ಇಳಿಜಾರು ಹೊಲದ ನಡುವೆ ಗುಂಡಾಗಿ ಕಟ್ಟಿದ ಗೋಡೆಯೊಳಗೆ ಕೆಲವು ಗೋರಿಕಲ್ಲುಗಳಿವೆ. ಹ್ಯಾನ್‌ಕಾಕ್ ಮನೆತನದವು. 1666ರ ಆಗಸ್ಟ್ 3ರಿಂದ 10ರ ತನಕ ಎಂಟು ದಿನಗಳಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಹೆಗಲು ಕೊಡುವವರಿಲ್ಲದೆ ಒಬ್ಬಳೇ ಹೆಣಗಳನ್ನು ಎಳೆದುಕೊಂಡು ಹೋಗಿ, ತಾನೇ ಕುಣಿ ತೋಡಿ ಮಣ್ಣು ಮಾಡಿದಳು. ಶೆಫೀಲ್ಡಿನಲ್ಲಿ ಕೆಲಸ ಕಲಿಯಲು ಹೋಗಿದ್ದ ಒಬ್ಬ ಮಗ ಮಾತ್ರ ಉಳಿದ. ಕಡೆಗೆ ಆಕೆ ಅವನಲ್ಲಿಗೆ ಹೋದಳು. ನಮ್ಮ ಮಗಳಿರುವ ಊರೂ ಅದೇ. ಆ ಗೋಡೆಯ ಹತ್ತಿರ ನಾವು ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಆಗಸ್ಟ್ ತಿಂಗಳೊಂದರಲ್ಲೇ 70ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ತಿಂಗಳು 25ಕ್ಕೆ ಮಾಂಪೆಸನ್ನನ ಹೆಂಡತಿ ಕ್ಯಾಥರೀನ್ ಹೋದಳು. ಮಕ್ಕಳನ್ನು ಕಳಿಸಿ ತಾನು ಗಂಡನ ಜೊತೆ ಉಳಿದು ರೋಗಿಗಳನ್ನು ನೋಡಿಕೊಂಡವಳು ಆಕೆ. ಆಕೆಯ ಗೋರಿ ಮಾತ್ರ ಚರ್ಚಿನ ಅಂಗಳದಲ್ಲಿದೆ.

ಎಮಟ್ ಸಿಡಾಲ್ ಎಂಬ ಹುಡುಗಿಗೆ ಪಕ್ಕದ ಸ್ಟೋನಿ ಮಿಡಲ್‌ಟನ್ ಊರಿನ ರೋಲಂಡ್ ಟಾರ್ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ರೋಗ ಬಂದ ಮೇಲೆ ಇಬ್ಬರೂ ಕಣಿವೆಯ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿ ಹೋಗುತ್ತಿದ್ದರಂತೆ. ಏಪ್ರಿಲ್ ಕೊನೆಗೆ ಅವಳು ಬರುವುದು ನಿಂತಿತು. ರೋಗ ಮುಗಿದು ದಾರಿ ತೆರೆದಾಗ ಮೊದಲು ಊರೊಳಗೆ ಬಂದವರಲ್ಲಿ ಅವನೊಬ್ಬ. ಆಗ ತಿಳಿಯಿತು ಅವಳು ಇಲ್ಲವೆಂದು.

ಮಾರ್ಷಲ್ ಹೌ ಎಂಬ ಒಬ್ಬ ಧಡೂತಿ ಮನುಷ್ಯ. ಅವನಿಗೆ ರೋಗ ಬಂದು ವಾಸಿಯಾಗಿತ್ತು. ಇನ್ನು ತನಗೆ ಭಯವಿಲ್ಲವೆಂದು ಅನಾಥ ಹೆಣಗಳನ್ನು ಮಣ್ಣು ಮಾಡುವ ಕೆಲಸ ಹಿಡಿದ. ಕೂಲಿಯೆಂದು ಸತ್ತವರ ಮನೆಯ ಸಾಮಾನು, ಬಟ್ಟೆಬರೆ ಹೊತ್ತು ತಂದ. ಆಗಸ್ಟ್ ಕೊನೆಯ ವಾರದಲ್ಲಿ ಅವನ ಹೆಂಡತಿ, ಮಗ ಇಬ್ಬರೂ ಸತ್ತರು. ಪರಿಗ್ರಹದ ವಿಷಯ ನಮ್ಮ ವಾಚಕರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ನವೆಂಬರ್ 1, 1666. ಅಂದು ಸತ್ತ ಅಬ್ರಹಾಂ ಮಾರ್ಟನ್ ಎಂಬವನೇ ಕೊನೆಯವನು. ಹದಿನಾಲ್ಕು ತಿಂಗಳಲ್ಲಿ ಒಟ್ಟು 260ರಷ್ಟು ಜನ ಹೋಗಿದ್ದರು. ಊರಿನ ಜನಸಂಖ್ಯೆ 350 ಇತ್ತೆಂದು ಹಿಂದೆ ಬರೆಯುತ್ತಿದ್ದರು. ಈಗಿನವರು ದಾಖಲೆ ನೋಡಿ ಸುಮಾರು 700 ಎನ್ನುತ್ತಾರೆ. ಹಾಗಾದರೂ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಯಿತು. 2016ರಲ್ಲಿ ಇಬ್ಬರು ಸಂಶೋಧಕರು ಈ ವಹಿಯನ್ನೇ ಹಿಡಿದು ಲೆಕ್ಕ ಹಾಕಿ, ನಾಲ್ಕರಲ್ಲಿ ಸುಮಾರು ಮೂರು ಪಾಲು ಜನರಿಗೆ ರೋಗ ಮನುಷ್ಯರಿಂದಲೇ ಅಂಟಿತ್ತೆಂದು ತೋರಿಸಿದ್ದಾರೆ. ಇಲಿ, ಚಿಗಟದಿಂದ ಶುರುವಾದದ್ದು ಮನೆಯೊಳಗೆ ಒಬ್ಬರಿಂದೊಬ್ಬರಿಗೆ ದಾಟಿತು. ಬೇಲಿ ಹಾಕಿಕೊಂಡದ್ದರಿಂದ ಒಳಗಿನವರಿಗೆ ಅಪಾಯ ಹೆಚ್ಚಾಗಿರಬಹುದು. ಆದರೆ ಸುತ್ತಣ ಊರು, ಪೇಟೆಗಳಿಗೆ ರೋಗ ಹಬ್ಬಲಿಲ್ಲ.

ಗಡಿಗಲ್ಲು

ಬೇಲಿ ಹಾಕಿಕೊಂಡ ಊರಿಗೆ ಅನ್ನ ಎಲ್ಲಿಂದ? ವ್ಯಾಪಾರಿಯಾದ ನಮಗೆ ಮೊದಲು ಬಂದ ಪ್ರಶ್ನೆ ಇದೇ.

ಈಮ್‌ನಿಂದ ಸ್ಟೋನಿ ಮಿಡಲ್‌ಟನ್‌ಗೆ ಹೋಗುವ ಕಾಲುದಾರಿಯಲ್ಲಿ, ಹುಲ್ಲುಗಾವಲಿನ ನಡುವೆ ಒಂದು ಗುಂಡುಕಲ್ಲು ಬಿದ್ದಿದೆ. ದೊಡ್ಡದೇನಲ್ಲ, ನಮ್ಮ ಹೊಲದಲ್ಲಿ ಇಂಥವು ಎಷ್ಟೋ. ಅದರ ಮೇಲೆ ಕೊರೆದ ಆರು ಕುಳಿಗಳಿವೆ. ಈಮ್ ಜನ ಆ ಕುಳಿಗಳಲ್ಲಿ ವಿನೆಗರ್ ಸುರಿದು ಅದರೊಳಗೆ ರೊಕ್ಕ ಹಾಕಿ ಹಿಂದೆ ಸರಿಯುತ್ತಿದ್ದರು. ಹುಳಿಯಿಂದ ರೋಗದ ವಿಷ ಹೋಗುತ್ತದೆಂಬ ನಂಬಿಕೆ. ನೆರೆಯ ಊರಿನವರು ಬಂದು ರೊಟ್ಟಿ, ಕಾಳುಕಡಿ ಇಟ್ಟು ರೊಕ್ಕ ತೆಗೆದುಕೊಂಡು ಹೋಗುತ್ತಿದ್ದರು. ಊರಿನ ಉತ್ತರಕ್ಕೆ ಒಂದು ನೀರಿನ ಒರತೆಯೂ ಇದೆ. ಇಂದಿಗೂ ಅದನ್ನು ಮಾಂಪೆಸನ್ನನ ಬಾವಿ ಎನ್ನುತ್ತಾರೆ. ಅಲ್ಲಿ ಹರಿಯುವ ನೀರಿನಲ್ಲಿ ರೊಕ್ಕ ಇಡುತ್ತಿದ್ದರು. ಕೆಲವು ಮೈಲಿ ದೂರದ ಚಾಟ್ಸ್‌ವರ್ತ್‌ನಲ್ಲಿದ್ದ ದೊಡ್ಡ ಜಹಗೀರುದಾರರಾದ ಡೆವನ್‌ಶೈರ್ ಅರ್ಲ್ ಧಾನ್ಯ, ಔಷಧ ಕಳಿಸಿಕೊಟ್ಟರು.

ನಾವು ಬಾಗಿ ಆ ಕುಳಿಗಳಲ್ಲಿ ಬೆರಳಿಟ್ಟು ನೋಡಿದೆವು. ಯಾರೋ ಪ್ರವಾಸಿಗಳು ಚಿಲ್ಲರೆ ನಾಣ್ಯ ಹಾಕಿ ಹೋಗಿದ್ದರು. ವ್ಯಾಪಾರವೆಂದರೆ ನಮ್ಮ ಬುದ್ಧಿಗೆ ತಕ್ಕಡಿ, ಮೀಟರ್ ಪಟ್ಟಿ, ಚೌಕಾಸಿ, ಉದ್ರಿ ವಹಿ. ಇಲ್ಲಿ ಕೊಳ್ಳುವವನ ಮುಖ ಮಾರುವವನು ನೋಡಲಿಲ್ಲ, ತೂಕ ಯಾರೂ ಪರೀಕ್ಷಿಸಲಿಲ್ಲ. ಒಳಗಿನವನು ರೊಕ್ಕ ಇಡದೆ ಹೋಗಬಹುದಿತ್ತು, ಹೊರಗಿನವನು ರೊಕ್ಕ ತೆಗೆದುಕೊಂಡು ರೊಟ್ಟಿ ಇಡದೆ ಹೋಗಬಹುದಿತ್ತು. ಇಬ್ಬರೂ ಹಾಗೆ ಮಾಡಲಿಲ್ಲ. ಈಮ್ ಜನರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದದ್ದೇ. ಆದರೆ ಆ ಕಲ್ಲಿನ ತನಕ ರೊಟ್ಟಿ ಹೊತ್ತು ತಂದ ಪಕ್ಕದೂರಿನವರ ಹೆಸರು ಯಾವ ಫಲಕದಲ್ಲಿಯೂ ನಾವು ನೋಡಲಿಲ್ಲ. ಅವರಿಗೂ ಜೀವದ ಹೆದರಿಕೆ ಇತ್ತು. ಹೆದರಿಕೊಂಡೇ ಬಂದು ಇಟ್ಟು ಹೋದರು.

ಇಲ್ಲಿ ನಾವು ನಮ್ಮದೊಂದು ತಪ್ಪು ಹೇಳಿಕೊಳ್ಳಬೇಕು. ಈ ಲೇಖನ ಬರೆಯಲು ಕುಳಿತದ್ದೂ ಅದಕ್ಕಾಗಿಯೇ.

2020ರ ಮೇ ತಿಂಗಳು. ಕರೋನಾ ಕಾಲ. ನಮ್ಮೂರು ಗಡಿಯ ಊರು. ಹತ್ತು ಹೆಜ್ಜೆ ಹೋದರೆ ವಿಜಯಪುರ ಜಿಲ್ಲೆ. ಎಂದೂ ಗಡಿಯೆಂದು ಅನ್ನಿಸದ ದಾರಿಗೆ ಅಂದು ಮಣ್ಣು ಸುರಿದು ಬಂದ್ ಮಾಡಿದ್ದರು. ಊರಿನ ಇನ್ನೊಂದು ಬಾಯಿಗೆ ನಾವೇ ಊರಿನ ಹಿರಿಯರು ಕೂಡಿ ಜಾಲಿಮುಳ್ಳು ಹಾಕಿಸಿದೆವು. ನಮ್ಮ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ದುಡಿಯುವ ಒಬ್ಬ ಮನುಷ್ಯನಿದ್ದಾನೆ. ಅವನ ಮಗ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ. ಕೆಲಸ ನಿಂತು, ಹೆಂಡತಿ ಮತ್ತು ಚಿಕ್ಕ ಕೂಸಿನೊಡನೆ ಅರ್ಧ ದಾರಿ ಲಾರಿ, ಅರ್ಧ ದಾರಿ ನಡಿಗೆಯಿಂದ ಊರು ಮುಟ್ಟಿದ. ಮುಳ್ಳಿನಾಚೆ ಬೇವಿನ ಮರದ ಕೆಳಗೆ ಅವರನ್ನು ನಿಲ್ಲಿಸಿದರು. ಸಾಲೆಯ ಕೋಣೆ ಖಾಲಿ ಮಾಡಿಸಿ ಅಲ್ಲಿ ಇಡಬೇಕೆಂದು ಮಾತಾಯಿತು. ಆ ಮಾತು ಮುಗಿಯಲು ಎರಡು ದಿನ ಬೇಕಾಯಿತು.

ಆ ಹುಡುಗನ ತಂದೆ ಮೊದಲ ದಿನ ಸಂಜೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ದೂರ ನಿಂತ. "ಅಣ್ಣಾರ, ಕೂಸಿಗಿ ಒಂದೀಟು ಹಾಲು ಕಳಸಾಕ ಆಗ್ತದೇನ್ರಿ? ನನ್ನ ಹೋಗಗೊಡವಲ್ರು" ಎಂದ. ನಾವು, "ನಿಯಮ ಎಲ್ಲಾರಿಗೂ ಒಂದಪ್ಪಾ. ನಾಳಿ ನೋಡೋಣು" ಎಂದು ಬಾಗಿಲು ಹಾಕಿಕೊಂಡೆವು. ಹಾಲು ಮನೆಯಲ್ಲಿ ಇತ್ತು. ಮುಳ್ಳಿನ ತನಕ ಹೋಗಿ ಇಟ್ಟು ಬರಲು ನಿಯಮ ಅಡ್ಡ ಬರುತ್ತಿರಲಿಲ್ಲ. ಅಡ್ಡ ಬಂದದ್ದು ನಮ್ಮ ಹೆದರಿಕೆ. ಮರುದಿನ ಮಧ್ಯಾಹ್ನ ನಮ್ಮ ಮನೆಯವರು, ನಮಗೆ ಹೇಳದೆ, ತಂಬಿಗೆಯಲ್ಲಿ ಹಾಲು, ಬುಟ್ಟಿಯಲ್ಲಿ ರೊಟ್ಟಿ ಒಯ್ದು ಮುಳ್ಳಿನ ಹತ್ತಿರದ ಕಲ್ಲಿನ ಮೇಲೆ ಇಟ್ಟು ಬಂದರು. ಕೂಸಿಗೆ ಏನೂ ಆಗಲಿಲ್ಲ. ಯಾರಿಗೂ ರೋಗ ಬರಲಿಲ್ಲ. ಹದಿನಾಲ್ಕು ದಿನವಾದ ಮೇಲೆ ಮನೆಗೆ ಹೋದರು. ಆ ಮನುಷ್ಯ ಮೊದಲಿನಂತೆಯೇ ಅಂಗಡಿಗೆ ಬರುತ್ತಾನೆ. ಆ ಮಾತನ್ನು ಅವನು ಒಂದು ದಿನವೂ ಎತ್ತಿಲ್ಲ, ನಾವೂ ಎತ್ತಿರಲಿಲ್ಲ.

ಬೇಲಿ ಹಾಕಿದ್ದು ತಪ್ಪೆಂದು ನಾವು ಇಂದಿಗೂ ಹೇಳುವುದಿಲ್ಲ. ರೋಗದ ಕಾಲದಲ್ಲಿ ಬೇಲಿ ಬೇಕು. ಈಮ್ ಜನರೂ ಹಾಕಿದರು. ಆದರೆ ಅವರು ಹಾಕಿದ್ದು ಒಳಗಿನಿಂದ, ಪರರು ಉಳಿಯಲೆಂದು. ನಾವು ಹಾಕಿದ್ದು ಹೊರಗಿನವರ ಮುಖದ ಮೇಲೆ, ನಾವು ಉಳಿಯಲೆಂದು. ಅದಾದರೂ ಇರಲಿ, ಬೇಲಿಯ ಬಾಯಲ್ಲಿ ಒಂದು ಕಲ್ಲು ಬೇಕಿತ್ತು. ಆ ಕಲ್ಲನ್ನು ನಾವು ಮರೆತೆವು. ಸ್ಟೋನಿ ಮಿಡಲ್‌ಟನ್ ದಾರಿಯಲ್ಲಿ ಕಲ್ಲಿನ ಎದುರು ನಿಂತಾಗ ನಮ್ಮ ಮನೆಯವರು ನಮ್ಮ ಕಡೆಗೆ ನೋಡಿದರು. ಏನೂ ಅನ್ನಲಿಲ್ಲ.

ಅನಂತರದ ಊರು

ರೋಗ ಮುಗಿದ ಮೇಲೆ ಊರಿನವರು ಹಾಸಿಗೆ, ಉಣ್ಣೆಬಟ್ಟೆಗಳನ್ನು ಸುಟ್ಟರು. ಸ್ಟ್ಯಾನ್ಲಿ 1670ರಲ್ಲಿ ತೀರಿಕೊಂಡ. ಮಾಂಪೆಸನ್‌ಗೆ 1669ರಲ್ಲಿ ಈಕ್ರಿಂಗ್ ಎಂಬ ಬೇರೆ ಪ್ಯಾರಿಷ್ ಸಿಕ್ಕಿತು. ವಾಚಕರು ಕೇಳಬೇಕು, ಅಲ್ಲಿಯ ಜನ ಇವನು ಪ್ಲೇಗಿನ ಊರಿನವನೆಂದು ಹೆದರಿ ಹತ್ತಿರ ಬರಗೊಡಲಿಲ್ಲವಂತೆ. ಮೂರು ವರ್ಷ ಕಳೆದಿತ್ತು! ಮೊದಮೊದಲು ಒಂದು ಮರದ ಕೆಳಗೆ ನಿಂತು ಉಪದೇಶ ಮಾಡಿದನಂತೆ. ಇನ್ನೊಬ್ಬರಿಗಾಗಿ ಬೇಲಿ ಹಾಕಿಕೊಂಡವನನ್ನೇ ಜನ ಬೇಲಿಯ ಹೊರಗೆ ನಿಲ್ಲಿಸಿದರು. ಹೆದರಿಕೆ ಎಲ್ಲ ದೇಶಗಳಲ್ಲಿಯೂ ಒಂದೇ. ಅವನು 1709ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ.

ಈಮ್ ಹಾಳೂರಾಗಲಿಲ್ಲ. ಸೀಸದ ಗಣಿಗಳು ಮತ್ತೆ ನಡೆದವು. ಚರ್ಚಿನ ಗೋಡೆಯ ಮೇಲೆ 1775ರ ಒಂದು ಬಿಸಿಲು ಗಡಿಯಾರವಿದೆ. ಅನ್ನಾ ಸೀವರ್ಡ್ ಎಂಬ ಹೆಸರಾಂತ ಕವಯಿತ್ರಿ 1742ರಲ್ಲಿ ಇಲ್ಲಿಯೇ ಹುಟ್ಟಿದವಳು. ಮುಂದೆ ರೇಷ್ಮೆ ನೇಯ್ಗೆ, ಆಮೇಲೆ ಬೂಟು ತಯಾರಿಕೆ ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಉದ್ಯೋಗ ಬಂದು ಹೋಯಿತು. ಸಾವಿನ ಬಟ್ಟೆ ಬಂದ ಊರಿನಲ್ಲಿ ಮತ್ತೆ ಮಗ್ಗದ ಸದ್ದು ಕೇಳಿತೆಂದು ಓದಿ ನಮಗೆ ಸಮಾಧಾನವಾಯಿತು. 1994ರಲ್ಲಿ ಊರಿನವರು ಒಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಪ್ರತಿವರ್ಷ ಆಗಸ್ಟ್ ಕೊನೆಯ ರವಿವಾರ 'ಪ್ಲೇಗ್ ಸಂಡೆ' ಆಚರಿಸುತ್ತಾರೆ. ಅಂದು ಪ್ರಾರ್ಥನೆ ನಡೆದ ಬಯಲಿನ ಹೆಸರು ಕಕ್ಲೆಟ್ ಡೆಲ್ಫ್. ಅದೇ ಹಸಿರು ತಗ್ಗಿನಲ್ಲಿ ಇಂದಿಗೂ ಊರಿನವರು ಸತ್ತವರ ನೆನಪಿಗಾಗಿ ಸೇರುತ್ತಾರೆ.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಈಗ ಇಂಗ್ಲೆಂಡಿನಲ್ಲಿದ್ದಾರೆ. ತಂದೆತಾಯಿಗಳು ಹೋದಾಗ ಲಂಡನ್ ನೋಡುತ್ತಾರೆ, ಅರಮನೆ ನೋಡುತ್ತಾರೆ. ನೋಡಲಿ. ಆದರೆ ಒಂದು ದಿನ ಈ ಹಳ್ಳಿಗೂ ಹೋಗಿ ಬರಬೇಕೆಂದು ನಮ್ಮ ವಿನಂತಿ. ಶೆಫೀಲ್ಡಿನಿಂದ ಬಸ್ಸಿನ ಸೌಕರ್ಯವೂ ಇದೆ. ಬುತ್ತಿ ಕಟ್ಟಿಕೊಂಡು ಹೋದರೆ ಒಳ್ಳೆಯದು, ಕುಳಿತು ಉಣ್ಣಲು ನೆರಳಿಗೆ ಕೊರತೆಯಿಲ್ಲ. ಗಡಿಗಲ್ಲಿಗೆ ಹುಲ್ಲಿನಲ್ಲಿ ನಡೆದೇ ಹೋಗಬೇಕು. ಮಳೆ ಬಂದಿದ್ದರೆ ಜಾರುತ್ತದೆ, ವಯಸ್ಸಾದವರು ಕೋಲು ಹಿಡಿಯಬೇಕು.

ಊರಿಗೆ ಮರಳಿದ ಮೇಲೆ ಒಂದು ದಿನ ಅಂಗಡಿ ಮುಚ್ಚುವ ಹೊತ್ತಿಗೆ ಆ ಮನುಷ್ಯನನ್ನು ಕೂಡಿಸಿಕೊಂಡು ಈ ಕಲ್ಲಿನ ವಿಷಯವನ್ನೆಲ್ಲ ಹೇಳಿದೆವು. ಹೇಳಿ, "ಅವತ್ತು ಹಾಲು ಕಳಸಲಿಲ್ಲ, ತಪ್ಪಾತಪ್ಪಾ" ಎಂದೆವು. ಅವನು ಥಾನುಗಳ ಮೇಲಿನ ಧೂಳು ಝಾಡಿಸುತ್ತಲೇ ಇದ್ದ. ಸ್ವಲ್ಪ ಹೊತ್ತು ತಡೆದು, "ಅಕ್ಕಾರು ತಂದಿಟ್ಟಿದ್ರಲ್ಲರಿ ಅಣ್ಣಾರ" ಎಂದ. ಆ ಕೂಸು ಈಗ ಒಂದನೆಯ ಇಯತ್ತೆಯಲ್ಲಿ ಕನ್ನಡ ಸಾಲೆಗೆ ಹೋಗುತ್ತದೆ. ಈ ಜೂನ್ ತಿಂಗಳು ಅದರ ಸಮವಸ್ತ್ರದ ಬಟ್ಟೆಯನ್ನು ನಾವೇ ಹರಿದು ಕೊಟ್ಟೆವು.